ಸುಮ್ಮನೆ ಬಿಟ್ಟ ಪೆಟ್ಟಿಗೆ

ಹೋದ ವಾರ ಕೆ.ಆರ್. ಪೇಟೆಯಿಂದ ಒಬ್ಬ ಹುಡುಗಿ ಫೋನ್ ಮಾಡಿದ್ದಳು. ನಾನು ನಿವೃತ್ತನಾಗುವವರೆಗೆ ಮಾಡುತ್ತಿದ್ದ ಕೆಲಸಕ್ಕೆ ಈಗ ಹೊಸದಾಗಿ ಸೇರಿಕೊಂಡವಳು. ಜೇನು ಸಾಕುವವರ ಮನೆಗಳಿಗೆ ಹೋಗಿ, ಪೆಟ್ಟಿಗೆ ತೆಗೆದು ನೋಡಿ, ಹುಳುಹುಪ್ಪಟೆ ಬಿದ್ದಿದ್ದರೆ ಉಪಾಯ ಹೇಳಿ ಬರುವ ಕೆಲಸ. "ಸಾರ್, ಮೇಣ ತಿನ್ನೋ ಹುಳಕ್ಕೆ ಅರಿಶಿನ ಹಾಕಿಸಬೇಕಾ, ಬೇವಿನ ಸೊಪ್ಪು ಹಾಕಿಸಬೇಕಾ? ಆಫೀಸಲ್ಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ನೀವು ಇಷ್ಟು ವರ್ಷ ಮಾಡಿದೀರಲ್ಲ, ನೀವೇ ಹೇಳಿಬಿಡಿ" ಅಂದಳು. ನಾನು "ನಾಳೆ ಹೇಳ್ತೀನಮ್ಮಾ" ಅಂದು ಇಟ್ಟೆ. ಆ ನಾಳೆ ಬಂದು ಹೋಗಿ ವಾರವಾಯಿತು. "ಜೀವಮಾನವೆಲ್ಲ ಅದನ್ನೇ ಮಾಡ್ಕೊಂಡು ಬಂದು, ಆ ಮಗೀಗೆ ಒಂದು ಮಾತು ಹೇಳಕ್ಕಾಗಲ್ವಾ ನಿಮಗೆ?" ಅಂತ ನನ್ನ ಹೆಂಡತಿ ದಿನಾ ಮೂದಲಿಸುತ್ತಾಳೆ. ಒಂದು ಮಾತಿನಲ್ಲಿ ಹೇಳಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬರೆದು ಮುಗಿಸುವುದರೊಳಗೆ ನನಗೂ ಏನಾದರೂ ತಿಳಿದರೆ ಒಳ್ಳೆಯದೇ.

ಮೊದಲು ನಮ್ಮ ಶತ್ರುಗಳು ಯಾರು ಅಂತ ಹೇಳಿಬಿಡುತ್ತೇನೆ. ಪೆಟ್ಟಿಗೆಯಲ್ಲಿ ಸಾಕುವುದು ತುಡುವೆ ಜೇನು. ಸಾಧು ಪ್ರಾಣಿ. ಅದಕ್ಕೆ ಇರುವೆ ಕಾಟ, ಕಡಜದ ಕಾಟ, ಹಲ್ಲಿಯ ಕಾಟ. ಎಲ್ಲಕ್ಕಿಂತ ಕೆಟ್ಟದ್ದು ಮೇಣದ ಪತಂಗ. ನೋಡಿದರೆ ದೀಪಕ್ಕೆ ಬರುವ ಯಾವುದೋ ಬಡಪಾಯಿ ಹುಳು ಅನ್ನಿಸುತ್ತದೆ. ಪೆಟ್ಟಿಗೆಯ ಸಂದಿಯಲ್ಲಿ ಮೊಟ್ಟೆ ಇಟ್ಟು ಹೋಗುತ್ತದೆ. ಮೊಟ್ಟೆಯೊಡೆದು ಬರುವ ಬಿಳಿ ಹುಳು ಎರಿಯೊಳಗೆ, ಅಂದರೆ ಜೇನುಗಳು ಕಟ್ಟಿದ ಮೇಣದ ಗೂಡಿನೊಳಗೆ, ಸುರಂಗ ಕೊರೆದುಕೊಂಡು ತಿನ್ನುತ್ತಾ ಬಲೆ ನೇಯುತ್ತಾ ಹೋಗುತ್ತದೆ. ಬಲೆ ಹೆಚ್ಚಾದರೆ ಜೇನುಗಳು ಬೇಸತ್ತು, ಒಂದು ದಿನ ರಾಣಿಯನ್ನೂ ಕರೆದುಕೊಂಡು ಗೂಡು ಬಿಟ್ಟು ಹಾರಿಹೋಗುತ್ತವೆ. ಇದಕ್ಕೆ ವಿಷ ಹೊಡೆಯುವ ಹಾಗಿಲ್ಲ. ಪತಂಗದ ಮರಿಯನ್ನು ಕೊಲ್ಲುವ ವಿಷ ಜೇನನ್ನೂ ಕೊಲ್ಲುತ್ತದೆ, ಅದೂ ಹುಳುವೇ ತಾನೆ? ಹಾಗಾಗಿ ಮನೆಯಲ್ಲಿ ಸಿಗುವ ಬೂದಿ, ಅರಿಶಿನ, ಬೇವು, ಸಾಂಬ್ರಾಣಿ, ನೀರು ಇವುಗಳಲ್ಲೇ ಏಗಬೇಕು.

ನನ್ನ ಮೊದಲ ಸಾಹೇಬರಿಗೆ ನಾವು ಅಡುಗೆಮನೆ ಸಾಹೇಬರು ಅಂತ ಹೆಸರಿಟ್ಟಿದ್ದೆವು. "ರೈತನ ಹೆಂಡತಿ ಅಂಗಡಿಗೆ ಹೋಗದೆ, ಕೈ ಚಾಚಿದರೆ ಸಿಗೋದನ್ನ ಮಾತ್ರ ಹೇಳಬೇಕು" ಅನ್ನುವುದು ಅವರ ಕಟ್ಟಪ್ಪಣೆ. ಪೆಟ್ಟಿಗೆ ಇಡುವ ಸ್ಟ್ಯಾಂಡಿನ ಕಾಲುಗಳ ಕೆಳಗೆ ನೀರು ತುಂಬಿದ ಬಟ್ಟಲು, ಸುತ್ತ ಬೂದಿ, ಒಳಗೆ ಅಡಿಹಲಗೆಯ ಮೇಲೆ ಅರಿಶಿನದ ಪುಡಿ, ಮುಚ್ಚಳದ ಕೆಳಗೆ ಬೇವಿನ ಸೊಪ್ಪು. ಇದಿಷ್ಟನ್ನು ನಾನು ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ನಾಲ್ಕೂ ಕಡೆ ಗಿಳಿಪಾಠದ ಹಾಗೆ ಒಪ್ಪಿಸಿಕೊಂಡು ತಿರುಗಿದೆ. ಹೇಳುವಾಗ ಎಲ್ಲ ಸಲೀಸಾಗಿಯೇ ಇರುತ್ತಿತ್ತು.

ನಾಗಮಂಗಲ ನನ್ನ ಹುಟ್ಟೂರಿನ ತಾಲ್ಲೂಕು, ಅಲ್ಲಿಂದಲೇ ಶುರು ಮಾಡುತ್ತೇನೆ. ಆದಿಚುಂಚನಗಿರಿ ಬೆಟ್ಟದ ಹತ್ತಿರದ ಒಂದು ತೋಟದಲ್ಲಿ ಇರುವೆ ಕಾಟ. ನಾನೇ ನಿಂತು ಸ್ಟ್ಯಾಂಡಿನ ಸುತ್ತ ಒಲೆಯ ಬೂದಿಯನ್ನು ದಪ್ಪಗೆ ಸುರಿಸಿ ಬಂದೆ. ಮುಂದಿನ ಸಲ ಹೋಗಿ ನೋಡಿದರೆ ಬೂದಿ ಚೆಲ್ಲಾಪಿಲ್ಲಿ, ನೆಲದಲ್ಲಿ ಗುಂಡಿ. ತೋಟದವರನ್ನು ಕೇಳಿದರೆ ಅವರಿಗೂ ಗೊತ್ತಿಲ್ಲ. ಮತ್ತೆ ಸುರಿಸಿ, ಮರೆಯಲ್ಲಿ ಕೂತು ನೋಡಿದೆ. ನವಿಲುಗಳು ಬೆಟ್ಟದಿಂದ ಇಳಿದು ಬಂದು, ಮಣ್ಣಿಗಿಂತ ಮೆತ್ತಗಿರುವ ನಮ್ಮ ಬೂದಿಯಲ್ಲಿ ರೆಕ್ಕೆ ಬಡಿದು ಹೊರಳಾಡುತ್ತಿದ್ದವು. ಅವು ಹೋದ ಮೇಲೆ ನೋಡಿದರೆ ಇರುವೆ ನಿಜಕ್ಕೂ ಕಡಿಮೆಯಾಗಿತ್ತು. ಬೂದಿ ಓಡಿಸಿತೋ, ನವಿಲು ತಿಂದವೋ ನನಗೆ ಬಗೆಹರಿಯಲಿಲ್ಲ. ಬೂದಿಯಿಂದ ಇರುವೆ ಕಡಿಮೆಯಾಗಿದೆ ಅಂತಲೇ ಸಾಹೇಬರಿಗೆ ವರದಿ ಒಪ್ಪಿಸಿದೆ. ನವಿಲನ್ನು ಅಡುಗೆಮನೆ ಸಾಮಾನು ಅಂತ ಬರೆಯಲು ಆಗುತ್ತದೆಯೇ?

ಪಾಂಡವಪುರದ ಕಡೆ ಇದಕ್ಕೆ ಉಲ್ಟಾ ಆಯಿತು. ಅಲ್ಲಿ ದಾರಿಯುದ್ದಕ್ಕೂ ಆಲೆಮನೆಗಳು. ಬೆಲ್ಲ ಕಾಯಿಸುವ ವಾಸನೆ ಊರಿಗೆಲ್ಲ ಹರಡಿರುತ್ತದೆ. ಚಿಕ್ಕೇಗೌಡ ಅಂತ ಒಬ್ಬ ರೈತ, ಆಲೆಮನೆ ಇಟ್ಟುಕೊಂಡವನು, ಫೋನ್ ಮಾಡಿ ಗೋಳಾಡಿದ. "ಸಾರ್, ನೀವೇಳ್ದಂಗೆ ಬೂದಿ ಆಕ್ದೆ. ಇದ್ದಬದ್ದ ಇರ್ವೆಯೆಲ್ಲ ನಮ್ಮನೇಗೇ ಬಂದವೆ. ಬೂದಿಗೇ ಮುತ್ಕಂಡವೆ ಸಾರ್." ಹೋಗಿ ನೋಡಿದರೆ ಮಾತು ನಿಜ. ಇರುವೆಗಳು ಸಾಲುಗಟ್ಟಿ ಬಂದು ಬೂದಿಯ ಮೇಲೆ ಓಡಾಡುತ್ತಿದ್ದವು. ನನ್ನ ತಲೆ ಕೆಟ್ಟು ಹೋಯಿತು. ಕಬ್ಬಿನ ಸಿಪ್ಪೆ ಸುಟ್ಟ ಬೂದಿ, ಸಿಹಿ ಉಳಿದಿರಬಹುದೇನೋ ಅನ್ನಿಸಿತು. ಸುಟ್ಟ ಮೇಲೆ ಎಲ್ಲಿಯ ಸಿಹಿ ಅಂತಲೂ ಅನ್ನಿಸಿತು. ಕೊನೆಗೆ ಒಂದು ಚಿಟಿಕೆ ತೆಗೆದು ನಾಲಗೆಗೆ ಹಚ್ಚಿ ನೋಡಿದೆ. ಸಿಹಿಯೇ ಇತ್ತು.

"ನೋಡಿದ್ರಾ?" ಅಂದ ಚಿಕ್ಕೇಗೌಡ, ಗೆದ್ದವನ ಹಾಗೆ. ಅಷ್ಟರಲ್ಲಿ ಅವನ ಹೆಂಡತಿ ಹೊರಗೆ ಬಂದು, ನಾನು ಬೂದಿ ನೆಕ್ಕುತ್ತಿರುವುದನ್ನು ಕಂಡು ಗಾಬರಿಯಾಗಿ, ವಿಷಯ ತಿಳಿದ ಮೇಲೆ ಗಂಡನ ಕಡೆ ತಿರುಗಿದಳು. "ಬೆಲ್ಲ ತುಂಬೋ ಚೀಲ್ದಲ್ಲಿ ಬೂದಿ ಒತ್ಕಂಡ್ ಬಂದು ಸುರಿದ್ರೆ ಇನ್ನೇನಾದದು? ಚೀಲ ಒದ್ರಿದ್ಯಾ ನೀನು?" ಅವನು ಒದರಿರಲಿಲ್ಲ. ಆ ಊರಿನಲ್ಲಿ ಏನನ್ನು ಹೊರಬೇಕಾದರೂ ಕೈಗೆ ಸಿಗುವುದು ಬೆಲ್ಲದ ಚೀಲವೇ. ಕೈ ಚಾಚಿದರೆ ಸಿಗುವುದನ್ನೇ ಬಳಸಬೇಕು ಅಂದಿದ್ದವರು ನಾವೇ ಅಲ್ಲವೇ?

ಶ್ರೀರಂಗಪಟ್ಟಣದ ಕಡೆಯ ಬೆಳಗೊಳದ ಕಥೆ ಇನ್ನೊಂದು ಥರ. ಅಲ್ಲಿ ಜವರೇಗೌಡ ಅಂತ ನನಗಿಂತ ದೊಡ್ಡವರು, ಬಾಯಿ ಬಲು ಚುರುಕು. ಅವರು ಸ್ಟ್ಯಾಂಡಿನ ಕಾಲುಗಳ ಕೆಳಗೆ ತೆಂಗಿನ ಚಿಪ್ಪು ಇಟ್ಟು ನೀರು ತುಂಬಿಸಿದ್ದರು. ಇರುವೆ ನೀರು ದಾಟಲಾರದೆ ಹಿಂದಕ್ಕೆ ಹೋಗುತ್ತಿತ್ತು. ಕಣ್ಣಿಗೆ ಕಾಣುವ ಹಾಗೆ ಫಲ ಕೊಟ್ಟ ಉಪಾಯ ಅಂದರೆ ಅದೊಂದೇ. ಅಷ್ಟರಲ್ಲಿ ಜ್ವರದ ಕಾಲ ಬಂತು. ಆರೋಗ್ಯ ಇಲಾಖೆಯ ಹೆಣ್ಣುಮಗಳು ಮನೆಮನೆಗೂ ಬಂದು, ನಿಂತ ನೀರಿನಲ್ಲಿ ಸೊಳ್ಳೆ ಮರಿಯಾಗುತ್ತದೆ ಅಂತ ಚಿಪ್ಪುಗಳನ್ನೆಲ್ಲ ಬಗ್ಗಿಸಿ ಹೋದಳು. ನಾನು ಹೋಗಿ ತುಂಬಿಸಿದೆ. ಅವಳು ಬಂದು ಮತ್ತೆ ಬಗ್ಗಿಸಿದಳು. ಜವರೇಗೌಡರು ಜಗಲಿಯ ಮೇಲೆ ಕೂತು ಇದನ್ನೆಲ್ಲ ನೋಡಿ ಹೇಳಿದರು: "ಸರ್ಕಾರ ಒಂದೇ ಅಲ್ವಾ ಸಾರ್? ನೀರ್ ಉಯ್ಯಿ ಅಂತ ಒಬ್ರು ಬತ್ತೀರಿ, ಚೆಲ್ಲು ಅಂತ ಒಬ್ರು ಬತ್ತೀರಿ. ಇಬ್ರೂ ಒಂದ್ಕಡೆ ಕುಂತ್ಕಂಡು ಮಾತಾಡ್ಕಂಡ್ ಬರ್ಬಾರ್ದಾ?"

ಮಾತಾಡಿಕೊಂಡೆವು. ನೀರಿನ ಮೇಲೆ ನಾಲ್ಕು ಹನಿ ಹೊಂಗೆ ಎಣ್ಣೆ ಬಿಡುವುದು ಅಂತ ಇಬ್ಬರೂ ಒಪ್ಪಿದೆವು. ಸೊಳ್ಳೆಯೂ ಇಲ್ಲ, ಇರುವೆಯೂ ಇಲ್ಲ. ಆದರೆ ನೀರು ಕುಡಿಯಲು ಬಂದ ಜೇನುಗಳು ಎಣ್ಣೆಗೆ ಅಂಟಿಕೊಂಡು ಸತ್ತವು. ಆಮೇಲೆ ಜೇನುಗಳಿಗೆಂದೇ ದೂರದಲ್ಲಿ ಒಂದು ತಟ್ಟೆಯಲ್ಲಿ ಕಲ್ಲು ಹಾಕಿ ನೀರಿಡಿಸಿದೆ. ಒಂದು ತೊಂದರೆಗೆ ಉಪಾಯ ಹೇಳಿದರೆ ಅದು ಇನ್ನೊಂದು ತೊಂದರೆ ತಂದು ನಿಲ್ಲಿಸುತ್ತದೆ, ಅದಕ್ಕೊಂದು ಉಪಾಯ ಹೇಳಬೇಕು. ಈ ಕೆಲಸಕ್ಕೆ ಬರುವವರು ಇದಕ್ಕೆ ಬೇಜಾರು ಮಾಡಿಕೊಳ್ಳಬಾರದು.

ಅಡುಗೆಮನೆ ಸಾಹೇಬರು ಹೋದ ಮೇಲೆ ಬಂದವರದು ಬೇರೆಯೇ ಮತ. "ಬೂದಿ, ಅರಿಶಿನ ಇವೆಲ್ಲ ಬಿಟ್ಟುಬಿಡಿ. ಪೆಟ್ಟಿಗೆ ಚೊಕ್ಕಟವಾಗಿದ್ರೆ ಸಾಕು. ಅಡಿಹಲಗೆ ಗುಡಿಸಿ, ಕಪ್ಪಾದ ಹಳೆ ಎರಿ ತೆಗೆದುಹಾಕಿ, ಸಂದಿ ಮುಚ್ಚಿ" ಅಂದರು. ಅದರಲ್ಲೂ ತಪ್ಪು ಕಾಣಲಿಲ್ಲ. ಬೆಳಗೊಳಕ್ಕೆ ಹೋಗಿ ಬೂದಿ ಬೇಡ ಅಂದೆ. ಜವರೇಗೌಡರು "ಓದ್ ವರ್ಸ ಬೂದಿ ಆಕಿ ಅಂದ್ರಿ, ಈ ವರ್ಸ ಬ್ಯಾಡ ಅಂತೀರಿ. ಅಷ್ಟ್ರಲ್ಲಿ ಬೂದಿ ಏನ್ ತಪ್ ಮಾಡ್ತು ಸಾರ್?" ಅಂದರು. ನಾನು ಪೆಚ್ಚು ಪೆಚ್ಚಾಗಿ ನಕ್ಕೆ.

ಮೊಬೈಲು ಬಂದ ಮೇಲಂತೂ ಕೇಳಬೇಡಿ. ದಿನಕ್ಕೊಂದು ವಿಡಿಯೋ, ವಿಡಿಯೋಗೊಂದು ಔಷಧ. ಶ್ರೀರಂಗಪಟ್ಟಣದಲ್ಲಿ ಒಬ್ಬ ಮೇಷ್ಟ್ರು ಅಂಥದೊಂದನ್ನು ನೋಡಿ ಪೆಟ್ಟಿಗೆಯೊಳಗೆ ನುಸಿಗುಳಿಗೆ ಇಟ್ಟುಬಿಟ್ಟಿದ್ದರು. ಪತಂಗ ಬರಲಿಲ್ಲ, ಒಪ್ಪಿಕೊಳ್ಳೋಣ. ಆದರೆ ಜೇನುತುಪ್ಪ ರೇಷ್ಮೆ ಸೀರೆ ಇಡುವ ಟ್ರಂಕಿನ ವಾಸನೆ ಹೊಡೆಯುತ್ತಿತ್ತು. ಅಷ್ಟನ್ನೂ ಚೆಲ್ಲಿಸಿದೆ. ಮನೆಯಲ್ಲಿ ಇರುವುದೆಲ್ಲ ಬಾಯಿಗೆ ಹಾಕುವಂಥದ್ದಲ್ಲ ಅಂತ ತಿಳಿಸಿ ಹೇಳುವುದೂ ನಮ್ಮ ಕೆಲಸವೇ.

ಇಷ್ಟು ಹೊತ್ತು ಹೇಳಿದ್ದು ನಗಾಡಿಕೊಂಡು ಮರೆಯುವಂಥ ಮಾತು. ನನ್ನನ್ನು ನಿದ್ದೆಗೆಡಿಸಿದ್ದು ಜಯಮ್ಮನ ವಿಷಯ. ಸಂತೆಬಾಚಹಳ್ಳಿ ಹೋಬಳಿಯ ಒಂದು ಊರು. ಗಂಡ ಹೊಲ ನೋಡಿಕೊಳ್ಳುತ್ತಾನೆ, ಜಯಮ್ಮ ಹಸು ನೋಡಿಕೊಂಡು ಡೈರಿಗೆ ಹಾಲು ಹಾಕಿ ಬರುತ್ತಾಳೆ. ಮನೆಯಲ್ಲಿ ಯಜಮಾನಿಕೆ ಅತ್ತೆ ಕಾಳಮ್ಮನದು. ಜಯಮ್ಮ ನಮ್ಮ ತರಬೇತಿಗೆ ಬಂದು, ಆಸೆಪಟ್ಟು ಒಂದು ಪೆಟ್ಟಿಗೆ ಜೇನು ತೆಗೆದುಕೊಂಡು ಹೋಗಿದ್ದಳು. ಆ ಮಳೆಗಾಲದಲ್ಲಿ ಮೇಣದ ಹುಳ ಬಿದ್ದು ಜೇನು ಹಾರಿಹೋಯಿತು. ಅದೇ ವಾರ ಕೊಟ್ಟಿಗೆಯಲ್ಲಿ ಕರು ಸತ್ತಿತು. ಆ ಕಡೆಯ ಕೆಲವು ಮನೆಗಳಲ್ಲಿ ಒಂದು ನಂಬಿಕೆಯಿದೆ. ಮನೆಯಲ್ಲಿ ನೆಲೆ ನಿಂತ ಜೇನು ಎದ್ದುಹೋದರೆ ಮನೆಗೆ ಆಗಿಬರುವುದಿಲ್ಲ ಅಂತ. ಕಾಳಮ್ಮ ಎರಡನ್ನೂ ಸೇರಿಸಿ, "ಇವ್ಳ್ ಕೈಗುಣ ಸರಿಯಿಲ್ಲ" ಅಂದುಬಿಟ್ಟಳು. ಜಯಮ್ಮ ಅದನ್ನು ನನಗೆ ಹೇಳುವಾಗ ಅಳಲಿಲ್ಲ. "ಇನ್ನೊಂದ್ ಪೆಟ್ಗೆ ಕೊಡಿ ಸಾರ್. ಈ ಸರ್ತಿ ಓಗಕ್ಕೆ ಬುಡಾಕಿಲ್ಲ" ಅಂದಳು.

ಬಿಡಲೂ ಇಲ್ಲ. ಒಂದು ಪೆಟ್ಟಿಗೆ ಮೂರಾಯಿತು. ಹಿತ್ತಲಲ್ಲಿ ಸಾಲಾಗಿ ಇಟ್ಟಿದ್ದಳು. ನಾನು ಯಾವ ಯಾವ ಕಾಲದಲ್ಲಿ ಏನೇನು ಹೇಳಿದ್ದೆನೋ ಅದೆಲ್ಲವನ್ನೂ ಅವಳು ಒಟ್ಟಿಗೆ ಮಾಡುತ್ತಿದ್ದಳು. ಶುಕ್ರವಾರ ತಲೆಗೆ ನೀರು ಹಾಕಿಕೊಂಡು ಬಂದು ಮುಚ್ಚಳ ತೆಗೆದು, ಗುಡಿಸಿ, ಅರಿಶಿನ ಚೆಲ್ಲಿ, ಬೇವಿನ ಸೊಪ್ಪು ಬದಲಾಯಿಸಿ, ಸುತ್ತ ಬೂದಿ ಹಾಕಿ, ಸಾಂಬ್ರಾಣಿ ಹೊಗೆ ಹಿಡಿದು, ಕೊನೆಗೆ ಮುಚ್ಚಳಕ್ಕೆ ಕುಂಕುಮ. ಕುಂಕುಮ ನಾನು ಹೇಳಿದ್ದಲ್ಲ. ಸುತ್ತಲ ಊರುಗಳಲ್ಲಿ ಮಳೆಗಾಲಕ್ಕೆ ಪೆಟ್ಟಿಗೆಗಳು ಖಾಲಿಯಾಗುತ್ತಿದ್ದರೂ ಜಯಮ್ಮನ ಮೂರೂ ಗಟ್ಟಿಯಾಗಿ ನಿಂತವು. ಕಾಳಮ್ಮನ ಬಾಯಿಗೂ ಬೀಗ ಬಿದ್ದಿತ್ತು.

ಅದೇ ಸಮಯಕ್ಕೆ ನಮ್ಮ ಮೂರನೇ ಸಾಹೇಬರು ಬಂದರು. ಸಾಹೇಬರಲ್ಲ, ಮೇಡಂ. ವಯಸ್ಸು ಚಿಕ್ಕದು, ಕೆಲಸದಲ್ಲಿ ಶ್ರದ್ಧೆ ಬಹಳ. ಜಯಮ್ಮನ ಹಿತ್ತಲು ನೋಡಿ ಸಂತೋಷಪಟ್ಟು, "ಇಷ್ಟೆಲ್ಲದರಲ್ಲಿ ಹುಳನ ತಡೀತಿರೋದು ಯಾವುದು?" ಅಂತ ನನ್ನನ್ನು ಕೇಳಿದರು. ಗೊತ್ತಿಲ್ಲ ಮೇಡಂ ಅಂದೆ. "ಅದು ಗೊತ್ತಿಲ್ಲದೆ ಇಷ್ಟು ವರ್ಷ ಜನಕ್ಕೆ ಹೇಳ್ತಾ ಬಂದ್ರಾ?" ಅಂದರು. ಬೈದಿದ್ದಲ್ಲ, ನಿಜವಾಗಿ ಆಶ್ಚರ್ಯಪಟ್ಟಿದ್ದು. ಅವರ ಮಾತು ನ್ಯಾಯವಾಗಿಯೇ ಇತ್ತು. ಹಾಗಾಗಿ ಪರೀಕ್ಷೆ ಮಾಡುವುದು ಅಂತಾಯಿತು. ಈ ಮಳೆಗಾಲ ಪೂರ್ತಿ ಒಂದು ಪೆಟ್ಟಿಗೆಗೆ ಅರಿಶಿನ ಮಾತ್ರ, ಒಂದಕ್ಕೆ ಬೇವು ಮಾತ್ರ, ಇನ್ನೊಂದಕ್ಕೆ ಏನೂ ಇಲ್ಲ. ಆ ಮೂರನೆಯದನ್ನು ಜಯಮ್ಮ ತೆಗೆಯಲೂ ಬಾರದು. ನಾನು ಮಾತ್ರ ಆಗಾಗ ಬಂದು ನೋಡುವುದು.

"ಯಾವ್ದುನ್ನ ಸುಮ್ನೆ ಬುಡ್ಲಿ ಸಾರ್?" ಅಂದಳು ಜಯಮ್ಮ. ಮುಖ ಬಾಡಿಹೋಗಿತ್ತು. "ಅದು ಎದ್ದೋದ್ರೆ ನಮ್ಮತ್ತೆ ನನ್ನ ಸುಮ್ನೆ ಬುಟ್ಟಾರಾ?" ನಾನು ಇದು, ಅದು ಅಂತ ಬೆರಳು ತೋರಿಸಲಾರದೆ ನಿಂತೆ. ಕೊನೆಗೆ ಅವಳೇ ದಾರಿ ಹುಡುಕಿದಳು. ಊರಮ್ಮನ ಗುಡಿಗೆ ಹೋಗಿ ಹೂ ಕೇಳುವುದು. ದೇವಿಯ ಮೈಮೇಲೆ ಒದ್ದೆ ಹೂ ಅಂಟಿಸಿರುತ್ತಾರೆ. ಮನಸ್ಸಿನಲ್ಲಿರುವುದನ್ನು ಕೇಳಿಕೊಂಡು ಕೂತರೆ, ಹೂ ಬಲಕ್ಕೆ ಬೀಳುತ್ತದೋ ಎಡಕ್ಕೆ ಬೀಳುತ್ತದೋ ನೋಡಿ ಅಪ್ಪಣೆ ತಿಳಿದುಕೊಳ್ಳುವ ಪದ್ಧತಿ ನಮ್ಮ ಕಡೆ ಇದೆ.

ನಾನೂ ಹೋಗಿದ್ದೆ. ಕಾಳಮ್ಮನೂ ಬಂದು ಕಂಬಕ್ಕೆ ಒರಗಿ ನಿಂತಿದ್ದಳು. ಬಹಳ ಹೊತ್ತು ಹೂ ಅಲ್ಲಾಡಲೇ ಇಲ್ಲ. ಆಮೇಲೆ ನೆತ್ತಿಯ ಮೇಲಿದ್ದ ಹೂ ಜಾರಿ ಎಡಕ್ಕೂ ಬೀಳದೆ ಬಲಕ್ಕೂ ಬೀಳದೆ ನೆಟ್ಟಗೆ ಮಡಿಲಿಗೆ ಬಿತ್ತು. "ನಡ್ಮದಲ ಪೆಟ್ಗೆ" ಅಂದರು ಪೂಜಾರಿ. ನಡುವಿನದನ್ನು ಸುಮ್ಮನೆ ಬಿಡುವುದು ಅಂತಾಯಿತು. ಇದನ್ನು ಮೇಡಂಗೆ ಹೇಗಪ್ಪಾ ಹೇಳುವುದು ಅಂತ ನಾನು ಅಳುಕಿಕೊಂಡೇ ಹೇಳಿದೆ. ಅವರು ಖುಷಿಯಾಗಿಬಿಟ್ಟರು. "ಇದೇ ಸರಿಯಾದ ಕ್ರಮ ಕಣ್ರೀ. ನಾವು ಆರಿಸಿದ್ರೆ ಮನಸ್ಸು ಒಂದು ಕಡೆ ವಾಲುತ್ತೆ. ಹೂವಿಗೆ ಏನು ಗೊತ್ತು?" ಅಂದರು. ಓದಿದವರ ಕ್ರಮವೂ ಊರಮ್ಮನ ಕ್ರಮವೂ ಒಂದೇ ಆಗಿಬಿಟ್ಟರೆ ನನ್ನಂಥವನು ಯಾವ ಕಡೆ ನಿಲ್ಲುವುದು?

ಆ ಮಳೆಗಾಲ ನಾನು ಹೋಗುವ ಮೊದಲು ಫೋನ್ ಮಾಡಿ ಹೋಗುತ್ತಿದ್ದೆ, ಜಯಮ್ಮ ಡೈರಿಯಿಂದ ಬಂದಿರಲಿ ಅಂತ. ಅರಿಶಿನದ ಪೆಟ್ಟಿಗೆಯಲ್ಲಿ ಅಲ್ಲೊಂದು ಇಲ್ಲೊಂದು ಹುಳು. ಬೇವಿನ ಪೆಟ್ಟಿಗೆಯಲ್ಲೂ ಅಷ್ಟೇ. ನಡುವಿನ ಪೆಟ್ಟಿಗೆಯ ಮುಚ್ಚಳವನ್ನು ಪ್ರತಿ ಸಲವೂ ಕೊನೆಗೆ ತೆಗೆಯುತ್ತಿದ್ದೆ. ತೆಗೆದರೆ ಒಳಗೆ ಒಂದೂ ಹುಳು ಇಲ್ಲ. ಅಡಿಹಲಗೆ ಚೊಕ್ಕಟ. ಎರಿಯ ತುಂಬ ಜೇನು. ದಸರೆ ಕಳೆಯುವ ಹೊತ್ತಿಗೆ ಮೂರರಲ್ಲಿ ಅದೇ ಗಟ್ಟಿ. ಏನೂ ಮಾಡದೆ ಬಿಟ್ಟದ್ದೇ ಎಲ್ಲಕ್ಕಿಂತ ಚೆನ್ನಾಗಿತ್ತು. ಮೇಡಂ ಬಂದು ನೋಡಿ ಹುಬ್ಬು ಗಂಟಿಕ್ಕಿ, "ಒಂದು ಮನೇಲಿ ನೋಡಿದರೆ ಸಾಲದು, ಇನ್ನೂ ಹತ್ತಾರು ಕಡೆ ಮಾಡಬೇಕು" ಅಂದರು. ಮಾಡುವ ಮೊದಲೇ ಅವರಿಗೆ ವರ್ಗವಾಯಿತು.

ಜಯಮ್ಮನಿಗೆ ಸಂತೋಷವಾಗುತ್ತದೆ ಅಂದುಕೊಂಡಿದ್ದೆ. ಯಾವ ಜೇನೂ ಹಾರಿಹೋಗಲಿಲ್ಲವಲ್ಲ. ಅವಳು ನಡುವಿನ ಪೆಟ್ಟಿಗೆಯನ್ನೇ ನೋಡುತ್ತಾ, "ಅಂಗಾರೆ ಇಷ್ಟ್ ವರ್ಸ ನಾನ್ ಮಾಡಿದ್ದೆಲ್ಲ ಸುಮ್ಸುಮ್ನೇನಾ ಸಾರ್?" ಅಂದಳು. ಒಂದು ಪೆಟ್ಟಿಗೆಯಿಂದ ಏನೂ ಹೇಳಲಾಗದು ಅಂದೆ, ಮೇಡಂ ಹೇಳಿದ್ದನ್ನೇ. ಆ ಮಾತು ಅವಳ ಕಿವಿಗೆ ಹೋಗಲಿಲ್ಲ. ಅದಕ್ಕೆ ಸರಿಯಾಗಿ ಕಾಳಮ್ಮ ನೀರಿಗೆ ಹೋದಲ್ಲಿ, ಡೈರಿಯಲ್ಲಿ ಎಲ್ಲ ಕಡೆ, "ನಮ್ ಸೊಸೆ ಕೈ ಬುಟ್ಮ್ಯಾಕೆ ಜೇನು ಸಂದಾಕಾಯ್ತು" ಅಂತ ಹೇಳಿಕೊಂಡು ಬಂದಳಂತೆ. ಇದನ್ನು ಜಯಮ್ಮನೇ ನನಗೆ ಫೋನಿನಲ್ಲಿ ಹೇಳಿದಳು. ಕೈಗುಣ ಸರಿಯಿಲ್ಲ ಅನ್ನುವ ಮಾತನ್ನು ಸುಳ್ಳು ಮಾಡಲು ಅವಳು ಇಷ್ಟು ವರ್ಷ ದುಡಿದಿದ್ದಳು. ಈಗ ನಮ್ಮ ಪರೀಕ್ಷೆಯೇ ಬಂದು ಅತ್ತೆಯ ಪಕ್ಕ ನಿಂತಿತ್ತು. ಸಮಾಧಾನ ಹೇಳೋಣವೆಂದರೆ ನನಗೇ ಒಳಗೊಳಗೆ ಅನುಮಾನ. ಅರಿಶಿನ, ಬೇವು ಅಂತ ನಾವು ಜೇನಿಗೆ ತೊಂದರೆಯನ್ನೇ ಕೊಡುತ್ತಿದ್ದೆವೋ ಏನೋ. ಆ ವರ್ಷ ನಾನು ಯಾರ ಮನೆಗೆ ಹೋದರೂ ಏನನ್ನೂ ಗಟ್ಟಿಯಾಗಿ ಹೇಳಲಿಲ್ಲ. ಹಾಕಿದರೂ ಹಾಕಿ, ಬಿಟ್ಟರೂ ಬಿಡಿ ಅನ್ನುತ್ತಿದ್ದೆ. ಜವರೇಗೌಡರು ನನ್ನ ಮುಖ ನೋಡಿ, "ಸಾರ್ಗೆ ಉಸಾರಿಲ್ವೇನೋ, ಕಾಫಿ ತಗಬಾರವ್ವ" ಅಂತ ಸೊಸೆಯನ್ನು ಕೂಗಿದರು.

ನನ್ನ ನಿವೃತ್ತಿ ಹತ್ತಿರ ಬಂದಿತ್ತು. ಮುಂಗಾರು ಹಿಡಿದುಕೊಂಡ ಮೇಲೆ ಒಂದು ಬೆಳಗ್ಗೆ, ಫೋನೂ ಮಾಡದೆ, ಸಂತೆಬಾಚಹಳ್ಳಿಯ ಬಸ್ಸು ಹತ್ತಿ ಜಯಮ್ಮನ ಮನೆಗೆ ಹೋದೆ. ಹಿತ್ತಲಿಗೆ ಕಾಲಿಟ್ಟ ಕೂಡಲೇ ಗೊತ್ತಾಯಿತು. ಮೊದಲ ಪೆಟ್ಟಿಗೆಯ ಬಾಗಿಲಲ್ಲಿ ಜೇನುಗಳು ಕೆಲಸ ಬಿಟ್ಟು ಗೊಂಚಲಾಗಿ ಜೋತುಕೊಂಡಿದ್ದವು. ಮೇವಿಗೆ ಹೋಗುವುದೂ ಇಲ್ಲ, ಬರುವುದೂ ಇಲ್ಲ. ಗೂಡು ಬಿಡಲು ತಯಾರಾದ ಜೇನು ಹಾಗೆ ಮಾಡುತ್ತದೆ. ಮುಚ್ಚಳ ಎತ್ತಿದರೆ ಎರಿಗಳಲ್ಲಿ ಬಲೆ, ಅಡಿಹಲಗೆಯಲ್ಲಿ ಕಪ್ಪು ಹಿಕ್ಕೆ. ಎಷ್ಟೋ ತಿಂಗಳಿಂದ ಯಾರೂ ತೆಗೆದಿರಲಿಲ್ಲ.

"ಜಯಮ್ಮ, ಬೇಗ ಬಾರವ್ವ, ಎರಿ ಹಿಡ್ಕೊ" ಅಂತ ಕೂಗಿದೆ. ಅವಳು ಬಂದು ಬಾಗಿಲಲ್ಲೇ ನಿಂತಳು. ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

"ನನ್ ಕೈ ಬ್ಯಾಡ ಸಾರ್. ನಾನ್ ಮುಟ್ನಿಲ್ಲ ಅಂದ್ರೇನೆ ಅವು ಸಂದಾಕಿರದು."

"ಸಂದಾಕಿಲ್ಲ ನೋಡು ಇಲ್ಲಿ. ಹೊರಡ್ತಾ ಅವೆ."

"ಆವತ್ತು ಸಂದಾಕಿದ್ವಲ್ಲ. ನೀವೇ ಅಲ್ವಾ ತೋರ್ಸಿದ್ದು?"

ನಾನೇ ತೋರಿಸಿದ್ದೆ. ಅದು ಸುಳ್ಳು ಅನ್ನಲು ನನ್ನ ಹತ್ತಿರ ಯಾವ ಆಧಾರವೂ ಇರಲಿಲ್ಲ. ಒಂದು ಕೈಯಲ್ಲಿ ಹೊಗೆ ಹಿಡಿದು, ಇನ್ನೊಂದು ಕೈಯಲ್ಲಿ ಎರಿಯ ಚೌಕಟ್ಟು ಎತ್ತಲು ಹೋಗಿ ಒದ್ದಾಡುತ್ತಿದ್ದೆ. ಕೊಟ್ಟಿಗೆಯಲ್ಲಿದ್ದ ಕಾಳಮ್ಮ ಸದ್ದಿಗೆ ಹೊರಗೆ ಬಂದಳು. ಗೊಂಚಲು ಕಟ್ಟಿದ ಜೇನು ನೋಡಿದ್ದೇ, "ಅಯ್ಯೋ ನನ್ನವ್ವ, ಎದ್ದೊಯ್ತವಲ್ಲ" ಅಂದು ಕೈ ತೊಳೆದುಕೊಂಡು, ಕಡ್ಡಿಪೊರಕೆಯಿಂದ ಒಂದು ಕಡ್ಡಿ ಹಿರಿದುಕೊಂಡು ಬಂದಳು. ನನ್ನ ಕೈಯಿಂದ ಚೌಕಟ್ಟನ್ನು ತೆಗೆದುಕೊಂಡು ಬೆಳಕಿಗೆ ಓರೆಯಾಗಿ ಹಿಡಿದು, ಸುರಂಗದ ಬಾಯಿಗೆ ಕಡ್ಡಿ ತೂರಿಸಿ, ಬಿಳಿ ಹುಳುವನ್ನು ಇಡಿಯಾಗಿ ಎಳೆದು ಕೋಳಿಗಳ ಮುಂದೆ ಹಾಕಿದಳು. ಆಮೇಲೆ ಇನ್ನೊಂದು. ಮತ್ತೊಂದು. ಜೇನುಗಳು ಮೊಣಕೈವರೆಗೆ ಹರಿದಾಡಿದರೂ ಅವಳು ಕೆಲಸ ನಿಲ್ಲಿಸಲಿಲ್ಲ. ಕೆಟ್ಟ ಎರಿಯನ್ನು ಕಿತ್ತು ಬಿಸಾಡಿ, ಅಡಿಹಲಗೆ ಗುಡಿಸಿ, ಒಳಗಿನಿಂದ ಅರಿಶಿನ ತಂದು ಚೆಲ್ಲಿ, ಬೂದಿ ಹಾಕಿ, ಮುಚ್ಚಿದಳು. ನೋಡುತ್ತಿದ್ದ ಹಾಗೆ ಬಾಗಿಲಲ್ಲಿ ಜೋತಿದ್ದ ಗೊಂಚಲು ಸ್ವಲ್ಪ ಸ್ವಲ್ಪವೇ ಕರಗಿ ಒಳಗೆ ಹೋಗತೊಡಗಿತು.

"ಅವ್ವಾ, ಇದನ್ನ ಯಾವಾಗ ಕಲಿತೆ?" ಅಂತ ಕೇಳಿದೆ.

"ಯಾವಾಗ ಅಂದ್ರೆ? ನಡ್ಮದಲ ಪೆಟ್ಗೇನ ಸುಮ್ನೆ ಬುಟ್ಬುಟ್ಟಿದ್ರಲ್ಲ ನೀವು, ಆವಾಗ."

"ಸುಮ್ನೆ ಬಿಡಬೇಕು ಅಂತ್ಲೇ ಅಲ್ವಾ ಬಿಟ್ಟಿದ್ದು?"

"ನಿಮಗೇನಪ್ಪ, ಬುಟ್ಬುಟ್ಟು ಬಸ್ಸತ್ಕಂಡ್ ಓಯ್ತೀರಿ. ಎದ್ದೋದ್ರೆ ಕೇಡು ಯಾರ್ ಮನೆಗೆ? ಇವ್ಳು ಡೈರಿಗ್ ಓದ್ಮ್ಯಾಕೆ ದಿನಾ ತಗ್ದು ನೋಡ್ತಿದ್ದೆ. ಉಳ ಕಂಡ್ರೆ ಕಿತ್ತಾಕ್ತಿದ್ದೆ. ಅರಿಸ್ನ ಆಕ್ದೆ, ಬೇವ್ನಸೊಪ್ ಆಕ್ದೆ, ಸಾಂಬ್ರಾಣಿ ಇಡ್ದೆ. ನೀವ್ ಬತ್ತೀರಿ ಅಂತ ಫೋನ್ ಬಂದ್ರೆ ಎಲ್ಲಾನೂ ಗುಡ್ಸಿ ತಗದ್ಬುಡ್ತಿದ್ದೆ. ನಂಗೇನ್ ಗೊತ್ತು ಇವೆಲ್ಲ? ಇವ್ಳು ಮಾಡದ್ನೇ ನೋಡ್ತಿದ್ನಲ್ಲ, ಅಂಗೇ ಮಾಡ್ದೆ."

ನನ್ನ ಪರೀಕ್ಷೆ ಅಲ್ಲಿಗೆ ಮಣ್ಣುಪಾಲಾಯಿತು. ಏನೂ ಮಾಡದ ಪೆಟ್ಟಿಗೆಗೆ ಎಲ್ಲವೂ ಆಗಿತ್ತು, ದಿನವೂ ಆಗಿತ್ತು. ಅರಿಶಿನವೋ, ಬೇವೋ, ಕಡ್ಡಿಯೋ, ದಿನಾ ಮುಚ್ಚಳ ತೆಗೆದು ನೋಡಿದ್ದೋ, ಹುಳುವನ್ನು ತಡೆದದ್ದು ಯಾವುದು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಆ ಹೊತ್ತಿನಲ್ಲಿ ನಾನು ಅದನ್ನು ಯೋಚಿಸುತ್ತಿರಲಿಲ್ಲ. ಜಯಮ್ಮನನ್ನು ನೋಡುತ್ತಿದ್ದೆ. ಅವಳು ಬಾಗಿಲು ಬಿಟ್ಟು ಅಂಗಳದ ನಡುವಿಗೆ ಬಂದಿದ್ದಳು.

"ಅಂಗಾರೆ ಊರ್ಗೆಲ್ಲ ನನ್ ಕೈ ಬುಟ್ಮ್ಯಾಕೆ ಸಂದಾಕಾಯ್ತು ಅಂತ ಯಾಕ್ ಏಳ್ಕಂಡ್ ಬಂದೆ ಅತ್ತೆ?"

ಕಾಳಮ್ಮ ಕಡ್ಡಿಯನ್ನು ಎರಡು ತುಂಡು ಮಾಡಿದಳು. "ನಾನ್ ಮಾಡ್ದೆ ಅಂತ ಏಳಾಕಾಯ್ತಿತ್ತಾ? ಏಳಿದ್ರೆ ಸಾರು ಪರೀಕ್ಸೆ ಕೆಟ್ಟೋಯ್ತು ಅಂತಿದ್ರು. ಎಂಗಾಯ್ತು ಎಂಗಾಯ್ತು ಅಂತ ಎಲ್ರೂ ಕೇಳೋರು. ಬಾಯ್ಗೆ ಬಂದಿದ್ ಅಂದ್ಬುಟ್ಟೆ." ಆಮೇಲೆ ಸೊಸೆಯ ಮುಖ ನೋಡದೆ, "ನೀನ್ ಆವತ್ತಿಂದ ಮುಟ್ಟೇ ಇಲ್ಲ ಅಂತ ನಂಗೊತ್ತಿರ್ನಿಲ್ಲ ಕಣಮ್ಮಿ. ಪರೀಕ್ಸೆ ಮುಗೀತಲ್ಲ, ನೀನೇ ನೋಡ್ಕತಿದ್ದೀಯ ಅನ್ಕಂಡು ನಾನ್ ಸುಮ್ನಿದ್ದೆ" ಅಂದಳು.

ಕಾಳಮ್ಮ ಪೊರಕೆಯಿಂದ ಇನ್ನೊಂದು ಕಡ್ಡಿ ಹಿರಿದುಕೊಂಡು, ಎರಡನೇ ಪೆಟ್ಟಿಗೆಯ ಮುಚ್ಚಳ ತೆಗೆದು, ಚೌಕಟ್ಟಿಗೆ ಕೈ ಹಾಕಿದಳು. ಜಯಮ್ಮ ಕೈಗೆ ಸುತ್ತಿಕೊಂಡಿದ್ದ ಸೆರಗನ್ನು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ನೇರವಾಗಿ ಬಂದು ಅತ್ತೆಯ ಮುಂದೆ ಕೈ ಚಾಚಿದಳು.

"ಕೊಡು ಇಲ್ಲಿ. ಅದು ನನ್ ಪೆಟ್ಗೆ."

ಕಾಳಮ್ಮ ಕಡ್ಡಿಯನ್ನು ಅವಳ ಕೈಗೆ ಕೊಟ್ಟು, ಪಕ್ಕಕ್ಕೆ ಸರಿದು ನಿಂತಳು.